ಫೋಟೋ ಚೆನ್ನಾಗಿದೆ, ಸಹಿ ಎಲ್ಲಿ?

ಭಾನುವಾರ ಬೆಳಿಗ್ಗೆ ಪೆನ್‌ಡ್ರೈವ್ ಹಿಡಿದುಕೊಂಡು ಮನೆಗೆ ಬರುವವರಿಗೆ ಈಗೀಗ ನಾನು ಮೊದಲು ಕೇಳುವುದು ಒಂದೇ: "ಸಹಿ ತಂದಿದ್ದೀರಾ?" ಕ್ಯಾಮೆರಾ ಯಾವುದು, ಲೆನ್ಸ್ ಯಾವುದು ಅಂತ ಕೇಳುತ್ತೇನೆ ಅಂದುಕೊಂಡು ಬಂದವರು ಸುಮ್ನೆ ನನ್ನ ಮುಖ ನೋಡುತ್ತಾರೆ.

ಹಗಲು ಉಡುಪಿಯಲ್ಲಿ ಕಚೇರಿ ಕೆಲಸ, ರಾತ್ರಿ ಊಟ ಆದ ಮೇಲೆ ಸ್ಟಾಕ್ ಫೋಟೋ, ಅಂದರೆ ತೆಗೆದ ಫೋಟೋಗಳನ್ನು ಮಾರಾಟದ ವೆಬ್‌ಸೈಟ್‌ಗಳಿಗೆ ಹಾಕುವುದು, ಯಾರಾದರೂ ಬಳಸಲು ತಗೊಂಡರೆ ದುಡ್ಡು. ವರ್ಷಗಳಿಂದ ಇದೇ ನಡೆದಿದೆ. ಖಾತೆ ತೆರೆಯುವುದು, ಅಮೆರಿಕದ ಟ್ಯಾಕ್ಸ್ ಫಾರ್ಮ್ ತುಂಬುವುದು, ಕೀವರ್ಡ್ ಹಾಕುವುದು ಎಲ್ಲ ಎರಡು ಸಂಜೆ ಕೂತರೆ ಬರುತ್ತದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಎಷ್ಟು ಹೇಳಿದರೂ ತಲೆಗೆ ಹೋಗದ ಒಂದು ವಿಷಯ ಇದೆ, ಅದನ್ನು ಮಾತ್ರ ಬರೆಯುತ್ತೇನೆ.

ಹೋದ ಮೇ ತಿಂಗಳಲ್ಲಿ ಒಬ್ಬ ಹುಡುಗ ಬಂದ. ಮಣಿಪಾಲದಲ್ಲಿ ಸಾಫ್ಟ್‌ವೇರ್ ಕೆಲಸ. ಮಲ್ಪೆ ಬಂದರಿನಲ್ಲಿ ಬೆಳಗಿನ ಜಾವ ತೆಗೆದ ಫೋಟೋ ತೋರಿಸಿದ. ವಯಸ್ಸಾದ ಅಕ್ಕ ಒಬ್ಬರು ಬಂಗುಡೆ ರಾಶಿಯ ಮುಂದೆ ಕೂತಿದ್ದಾರೆ, ಸೆರಗು ಸೊಂಟಕ್ಕೆ ಸಿಕ್ಕಿಸಿದೆ, ಮಂಜುಗಡ್ಡೆಯ ಪುಡಿ ಮೊಣಕೈವರೆಗೆ ಅಂಟಿದೆ, ಯಾರಿಗೋ ಬೈಯುತ್ತಾ ಬೈಯುತ್ತಾ ನಗುತ್ತಿದ್ದಾರೆ. ನಿಜ ಹೇಳಬೇಕೆಂದರೆ ನನಗೆ ಹೊಟ್ಟೆಕಿಚ್ಚಾಯಿತು. "ಇವರ ಸಹಿ?" ಅಂದೆ. "ಕೇಳಿಯೇ ತೆಗೆದದ್ದು ಸಾರ್, 'ದೆಪ್ಪುಲೆ ದೆಪ್ಪುಲೆ' ಅಂದ್ರು" ಅಂದ.

ಮಾರಾಯ್ರೆ, ಎಲ್ಲರೂ ಎಡವುವುದು ಇಲ್ಲೇ. ತೆಗೀರಿ ಅಂದದ್ದು ಫೋಟೋಗೆ. ಆ ಮುಖವನ್ನು ಜಾಹೀರಾತಿಗೆ ಮಾರಿ ಅಂತ ಅವರು ಹೇಳಲಿಲ್ಲ. ಸ್ಟಾಕ್ ಸೈಟಿನಲ್ಲಿ ನಾವು ಫೋಟೋವನ್ನೇ ಮಾರುವುದಲ್ಲ, ಬಳಸುವ ಲೈಸೆನ್ಸ್ ಕೊಡುವುದು. ಒಂದೇ ಫೋಟೋವನ್ನು ನೂರು ಜನ ತೆಗೆದುಕೊಳ್ಳಬಹುದು. ಯಾರು, ಯಾಕೆ ತಗೊಂಡರು ಅಂತ ನಮಗೆ ಸಾಮಾನ್ಯವಾಗಿ ಗೊತ್ತೇ ಆಗುವುದಿಲ್ಲ. ನಾಳೆ ಆ ಅಕ್ಕನ ನಗು ಮಂಡಿನೋವಿನ ಮುಲಾಮಿನ ಜಾಹೀರಾತಿನಲ್ಲಿ ಬರಬಹುದು, ಸಾಲ ಕೊಡುವ ಕಂಪನಿಯ ಆ್ಯಪಿನಲ್ಲಿ ಬರಬಹುದು. ಮುಂಬೈಯಲ್ಲಿರುವ ಮಗ ಅದನ್ನು ನೋಡಿ, ಅಮ್ಮ ಯಾವಾಗ ಸಾಲ ಮಾಡಿದಳು ಅಂತ ಗಾಬರಿಯಿಂದ ಫೋನ್ ಮಾಡಿದರೆ ಉತ್ತರ ಕೊಡುವವರು ಯಾರು?

ಅದಕ್ಕೇ ಮಾಡೆಲ್ ರಿಲೀಸ್ ಅನ್ನುವ ಹಾಳೆ. ಹೆಸರು, ವಿಳಾಸ, ಫೋಟೋ ತೆಗೆದ ದಿನ, ಸಹಿ. ಹದಿನೆಂಟು ತುಂಬದವರಾದರೆ ಅಪ್ಪ ಅಮ್ಮನ ಸಹಿ. ಸಾಕ್ಷಿಯ ಸಹಿ ಕೇಳುವ ಸೈಟ್‌ಗಳೂ ಇವೆ. ಇಷ್ಟಕ್ಕೆ ನೂರು ವಾದ! ಸಾರ್ವಜನಿಕ ಜಾಗ ಅಲ್ವಾ ಅನ್ನುತ್ತಾರೆ. ಇರಲಿ, ತೆಗೆದದ್ದು ತಪ್ಪು ಅಂತ ಯಾರು ಹೇಳಿದರು? ಮಾರುವ ಮಾತು ಬೇರೆ. ಬೆನ್ನು ಮಾತ್ರ ಕಾಣುತ್ತದೆ ಅನ್ನುತ್ತಾರೆ. ಫೋಟೋದಲ್ಲಿರುವವರು "ಇದು ನಾನೇ" ಅನ್ನುವ ಹಾಗಿದ್ದರೆ ಸಹಿ ಬೇಕು, ಹಚ್ಚೆಯಿಂದಲೋ ನಿಲುವಿನಿಂದಲೋ ಗುರುತು ಸಿಕ್ಕಿದರೂ ಬೇಕು. ಯಕ್ಷಗಾನದ ವೇಷದವರಿಗೂ ಬೇಕಾ, ಬಣ್ಣ ಹಚ್ಚಿದ ಮೇಲೆ ಯಾರಿಗೆ ಗೊತ್ತಾಗುತ್ತದೆ ಅಂತ ಒಬ್ಬರು ಕೇಳಿದರು. ನಮ್ಮೂರಲ್ಲಿ ಈ ಪ್ರಶ್ನೆಯಾ! ಹೆಜ್ಜೆ ಹಾಕುವುದನ್ನು ಹಿಂದಿನಿಂದ ನೋಡಿಯೇ ವೇಷ ಯಾರದ್ದು ಅಂತ ಹೇಳುವವರು ಇಲ್ಲಿ ಮನೆಗೊಬ್ಬರಿದ್ದಾರೆ.

ನಿಮ್ಮದೇ ಮುಖ ಆದರೂ ಬೇಕು. ಟೈಮರ್ ಇಟ್ಟು, ಲ್ಯಾಪ್‌ಟಾಪ್ ಮುಂದೆ ತಲೆ ಹಿಡಿದುಕೊಂಡು ಕೂತ ನನ್ನದೇ ಫೋಟೋ ಹಾಕಿದ್ದೆ, ರಿಲೀಸ್ ಇಲ್ಲ ಅಂತ ವಾಪಸ್ ಬಂತು. ಫೋಟೋಗ್ರಾಫರ್ ಆಗಿ ಒಂದು ಸಹಿ, ಮಾಡೆಲ್ ಆಗಿ ಒಂದು ಸಹಿ, ಸಾಕ್ಷಿಗೆ ಹೆಂಡತಿ. ಅವಳು ಇವತ್ತಿಗೂ ನಗುತ್ತಾಳೆ.

ಮುಖವೇ ಇಲ್ಲದ ಫೋಟೋದಲ್ಲೂ ತಾಪತ್ರಯ ಇದೆ. ನಮ್ಮ ಹಂಚಿನ ಮನೆಯ ಮಾಡಿನ ಕೆಳಗಿಂದ ಬೆಳಕಿನ ಕೋಲು ಬೀಳುವ ಫೋಟೋ, ಬಹಳ ಪ್ರೀತಿಯಿಂದ ತೆಗೆದದ್ದು, ರಿಜೆಕ್ಟ್ ಆಯಿತು. ಟ್ರೇಡ್‌ಮಾರ್ಕ್ ಅಂತೆ. ದೊಡ್ಡದು ಮಾಡಿ ನೋಡಿದರೆ ಒಂದೊಂದು ಹಂಚಿನ ಅಡಿಯಲ್ಲೂ ಹಳೇ ಕಾರ್ಖಾನೆಯ ಹೆಸರು ಅಚ್ಚಾಗಿದೆ! ಹುಟ್ಟಿದಾಗಿನಿಂದ ಅದರ ಕೆಳಗೇ ಮಲಗಿದ್ದವನು ನಾನು, ಒಂದು ದಿನ ಓದಿರಲಿಲ್ಲ.

ಸಹಿ ಸಿಗದ ಫೋಟೋ ಪೂರ್ತಿ ದಂಡ ಅಲ್ಲ. ಎಡಿಟೋರಿಯಲ್ ಅಂತ ಹಾಕಬಹುದು. ಸುದ್ದಿಗೆ, ಲೇಖನಕ್ಕೆ, ಪಠ್ಯಪುಸ್ತಕಕ್ಕೆ ಬಳಸಬಹುದು, ಜಾಹೀರಾತಿಗೆ ಇಲ್ಲ. ಎರಡು ವರ್ಷಕ್ಕೊಮ್ಮೆ ಜನವರಿ 18ಕ್ಕೆ ಪರ್ಯಾಯದ ಮೆರವಣಿಗೆ ಬರುತ್ತದಲ್ಲ, ಅಲ್ಲಿ ಸಾವಿರಾರು ಜನರ ಹತ್ತಿರ ಸಹಿ ಕೇಳಲು ಆಗುತ್ತದಾ? ಕಂಬಳವೂ ಹಾಗೆಯೇ. ಊರು, ದಿನಾಂಕ, ಏನು ನಡೆಯುತ್ತಿದೆ ಅಂತ ಇದ್ದದ್ದು ಇದ್ದ ಹಾಗೆ ಬರೆದು ಕಳಿಸಿ. ನನ್ನ ಖಾತೆಯಲ್ಲಂತೂ ಎಡಿಟೋರಿಯಲ್ ಕಡಿಮೆಯೇ ಹೋಗುತ್ತದೆ. ಭೂತಕೋಲದ್ದು ಮಾತ್ರ ನಾನು ಯಾವ ಲೆಕ್ಕದಲ್ಲೂ ಹಾಕುವುದಿಲ್ಲ. ನಿಯಮದ ಮಾತಲ್ಲ ಅದು, ನನ್ನ ಮನಸ್ಸು ಒಪ್ಪುವುದಿಲ್ಲ, ಅಷ್ಟೇ.

"ಶಟರ್‌ಸ್ಟಾಕ್‌ನಂಥ ಸ್ಟಾಕ್ ಸೈಟಿನಲ್ಲಿ ಒಂದು ಡೌನ್‌ಲೋಡಿಗೆ 10 ಸೆಂಟ್ ಬಂದರೂ ಬಂತು, ಅದಕ್ಕೆ ಇಷ್ಟೆಲ್ಲಾ ಯಾಕೆ?" ಅನ್ನುವವರಿದ್ದಾರೆ. ಹೌದು, ಶಟರ್‌ಸ್ಟಾಕ್‌ನಲ್ಲಿ 2020ರ ಜೂನ್‌ನಿಂದ ಕನಿಷ್ಠ ಅಷ್ಟೇ. ಆದರೆ ಖಾತೆ ತೆರೆಯುವಾಗ ಓದದೆ ಒತ್ತುತ್ತೇವಲ್ಲ, ಆ ಒಪ್ಪಂದದಲ್ಲಿ ಹಕ್ಕೆಲ್ಲ ನನ್ನ ಹತ್ತಿರ ಸರಿಯಾಗಿದೆ ಅಂತ ನಾವೇ ಒಪ್ಪಿರುತ್ತೇವೆ. ತಕರಾರು ಬಂದರೆ ನಮ್ಮ ತಲೆಗೇ ಬರಬಹುದು. ನಾನು ವಕೀಲ ಅಲ್ಲ, ದೊಡ್ಡ ಮೊತ್ತದ ವಿಷಯವಾದರೆ ವಕೀಲರನ್ನೇ ಕೇಳಿ. ನನ್ನ ಹಾಗೆ ಕೆಲಸದ ಜೊತೆಗೆ ಇದನ್ನು ಮಾಡುವವರಿಗೆ ಇನ್ನೊಂದು ಮಾತು: ಸರ್ಕಾರಿ ಕೆಲಸದಲ್ಲಿದ್ದರೆ ನಿಮ್ಮ ಇಲಾಖೆಯ ನಡತೆ ನಿಯಮ ಮೊದಲು ನೋಡಿ, ಖಾಸಗಿಯಾದರೆ ನೇಮಕದ ಪತ್ರ ತೆಗೆದು ಓದಿ. ಆಫೀಸಿನ ಒಳಗೆ ಕ್ಯಾಮೆರಾ ಬೇಡವೇ ಬೇಡ.

ಆ ಹುಡುಗನಿಗೆ ಜೂನ್ ಬರಲಿ ಅಂದೆ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ದೋಣಿಗಳೆಲ್ಲ ದಡದಲ್ಲಿ, ಕೂತು ಮಾತಾಡಲು ಜನರಿಗೂ ಪುರುಸೊತ್ತು. ಗುಡುಗು ಮಳೆಯಲ್ಲಿ ಮನೆ ಹುಡುಕಿಕೊಂಡು ಹೋದನಂತೆ. ಹಾಳೆ ಇಂಗ್ಲಿಷಿನಲ್ಲಿತ್ತು. ಡಿಗ್ರಿ ಓದುವ ಮೊಮ್ಮಗಳು ಒಂದೊಂದೇ ಸಾಲು ತುಳುವಿನಲ್ಲಿ ಹೇಳಿದಳಂತೆ. ಅಕ್ಕ ಪೂರ್ತಿ ಕೇಳಿ, "ನನಗೆಷ್ಟು?" ಅಂದರಂತೆ. ನ್ಯಾಯವಾದ ಪ್ರಶ್ನೆ. ಕೊನೆಗೆ ಸಾವಿರ ರೂಪಾಯಿ ಮತ್ತು ಫ್ರೇಮ್ ಹಾಕಿಸಿದ ಒಂದು ಪ್ರಿಂಟಿಗೆ ಒಪ್ಪಂದ ಆಯಿತು.

ಮುಂದಿನ ಭಾನುವಾರ ಪ್ಲಾಸ್ಟಿಕ್ ಕವರಿನಿಂದ ಹಾಳೆ ತೆಗೆದು, ಗೆದ್ದು ಬಂದವನ ಹಾಗೆ ನನ್ನ ಮುಂದೆ ಇಟ್ಟ. ಎಲ್ಲ ಸರಿ ಇತ್ತು. ಸಾಕ್ಷಿಯ ಜಾಗದಲ್ಲಿ ಮಾತ್ರ ತನ್ನದೇ ಸಹಿ ಹಾಕಿಕೊಂಡು ಬಂದಿದ್ದ.

"ಮೊಮ್ಮಗಳು ಅಲ್ಲೇ ಇದ್ದಳಲ್ವಾ?" ಅಂದೆ.

ಛತ್ರಿ ತಗೊಂಡು ವಾಪಸ್ ಮಲ್ಪೆಗೆ ಹೊರಟ.