ಒಳ್ಳೆ ಮಳೆಯಾದ ವರ್ಷವೇ ಗುಡ್ಡದ ಬೆಂಕಿಗೆ ಹೆದರಬೇಕು

ಈ ಬೇಸಿಗೆ ಸಂಡೂರು ಗುಡ್ಡಕ್ಕೆ ಬೆಂಕಿ ಬೀಳುತ್ತಾ ಅಂತ ಯಾರಾದರೂ ಕೇಳಿದರೆ, ಹೋದ ಮಳೆಗಾಲ ಹೇಗಿತ್ತು ಅಂತ ನಾನು ತಿರುಗಿ ಕೇಳುತ್ತೇನೆ. ಬರಗಾಲದಲ್ಲೇ ಬೆಂಕಿ ಜಾಸ್ತಿ ಅಂತ ಸುಮಾರು ಜನರ ಎಣಿಕೆ. ನಮ್ಮ ಬಳ್ಳಾರಿ, ಕೊಪ್ಪಳದ ಒಣ ಕುರುಚಲು ಕಾಡಲ್ಲಿ ಲೆಕ್ಕ ಉಲ್ಟಾ. ಬಿಸಿಲಿಗೆ ಇಲ್ಲಿ ಯಾವ ವರ್ಷವೂ ಕೊರತೆಯಿಲ್ಲ, ಕೊರತೆ ಬೀಳುವುದು ಹುಲ್ಲಿಗೆ. ಮಳೆ ಕೈಕೊಟ್ಟರೆ ಹುಲ್ಲು ಗಿಡ್ಡ, ನಡುನಡುವೆ ಬರಿನೆಲ. ಕಿಡಿ ಬಿದ್ದರೂ ನಾಲ್ಕು ಮಾರು ಹೋಗಿ ಆರಿಬಿಡುತ್ತದೆ. ಮಳೆ ಚೆನ್ನಾಗಿ ಬಂದರೆ ಹುಲ್ಲು ಮಂಡಿವರೆಗೆ ಬೆಳೆದು, ಮಾರ್ಚ್ ಹೊತ್ತಿಗೆ ಇಡೀ ಇಳಿಜಾರಲ್ಲಿ ಎಡೆಬಿಡದೆ ಒಣಗಿ ನಿಂತಿರುತ್ತದೆ. ಹಾಗಾಗಿ ಬೆಂಕಿಯ ಭವಿಷ್ಯವನ್ನು ನವೆಂಬರ್‌ನಲ್ಲೇ ಗುಡ್ಡ ನೋಡಿ ಹೇಳಬಹುದು.

ದಿನದ ಲೆಕ್ಕ ಬೇರೆ. ಬೆಳಿಗ್ಗೆ ಏಳಕ್ಕೆ ಒಂದು ಹಿಡಿ ಹುಲ್ಲು ಕಿತ್ತು ಬಗ್ಗಿಸಿ, ಸುಮ್ನೆ ಬಾಗುತ್ತದೆ. ಅದೇ ಹುಲ್ಲು ಮಧ್ಯಾಹ್ನ ಎರಡಕ್ಕೆ ಲಟಕ್ಕನೆ ಮುರಿಯುತ್ತದೆ. ತೆಳು ಹುಲ್ಲಿನ ತೇವ ಗಾಳಿಯ ತೇವದ ಜೊತೆ ಗಂಟೆಯೊಳಗೇ ಏರಿಳಿಯುತ್ತದೆ. ಬೆಳಿಗ್ಗೆ ತೆವಳುವ ಬೆಂಕಿ ಮಧ್ಯಾಹ್ನ ಓಡುವುದು ಅದಕ್ಕೇ.

ಆಮೇಲೆ ಏರು. ಇಳಿಜಾರು ಹತ್ತು ಡಿಗ್ರಿ ಹೆಚ್ಚಾದಂತೆಲ್ಲ ಮೇಲಕ್ಕೆ ಹೋಗುವ ಬೆಂಕಿಯ ವೇಗ ಸುಮಾರು ಇಮ್ಮಡಿ ಅನ್ನುವುದು ಕಾಡಿನ ಬೆಂಕಿ ಆರಿಸುವ ನಮ್ಮ ಕಸುಬಿನ ಒರಟು ಲೆಕ್ಕ. ಜ್ವಾಲೆ ಗುಡ್ಡದ ಕಡೆಗೇ ವಾಲಿ, ಮೇಲಿನ ಹುಲ್ಲನ್ನು ಮೊದಲೇ ಕಾಯಿಸಿ ಇಟ್ಟಿರುತ್ತದೆ. ಕಿರಿದಾದ ಹಳ್ಳದ ಸೀಳು ಸಿಕ್ಕರಂತೂ ಅದು ಒಲೆಯ ಹೊಗೆಗೂಡಿನ ಹಾಗೆ ಎಳೆದುಕೊಳ್ಳುತ್ತದೆ. ಇಳಿಯುವಾಗ ಬೆಂಕಿ ನಿಧಾನ. ಆದರೆ ಉರಿಯುವ ಕೊರಡು ಉರುಳಿ ಕೆಳಗೆ ಬಿದ್ದರೆ ಅಲ್ಲಿಂದ ಮತ್ತೆ ಮೇಲಕ್ಕೆ ಹತ್ತುತ್ತದೆ. ಗಂಗಾವತಿ ಕಡೆಯ ಬಂಡೆಗುಡ್ಡಗಳಲ್ಲಿ ಬರಿಬಂಡೆಯೇ ತಡೆ, ಸಂದಿಯ ಹುಲ್ಲೇ ದಾರಿ.

ಡೆಹ್ರಾಡೂನಿನ ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆ ಉಪಗ್ರಹದ ಎಚ್ಚರಿಕೆಯನ್ನು ಮೊಬೈಲಿಗೇ ಕಳಿಸುತ್ತದೆ. ಒಳ್ಳೆಯದೇ. ಆದರೆ ಆ ಚಿತ್ರದ ಒಂದು ಚುಕ್ಕೆ ಅಂದ್ರೆ ನೆಲದ ಮೇಲೆ ಸುಮಾರು 375 ಮೀಟರ್ ಚೌಕ. ಅದೂ ಉಪಗ್ರಹ ಹಾದುಹೋದ ಹೊತ್ತಿನದು. ಬೆಂಕಿ ಈಗ ಎತ್ತ ಹೊರಟಿದೆ ಅನ್ನುವುದನ್ನು ಗುಡ್ಡದ ಬುಡದಲ್ಲಿ ನಿಂತವರೇ ಹೇಳಬೇಕು.

ಆರಿಸುವಾಗ ಹಿಂಬದಿಯಿಂದ, ಸುಟ್ಟ ನೆಲದ ಮೇಲೆ ಕಾಲಿಟ್ಟು, ಪಕ್ಕಗಳನ್ನು ಹಸಿಸೊಪ್ಪಿನ ಕೊಂಬೆಯಲ್ಲಿ ಬಡಿಯುತ್ತಾ ಬರಬೇಕು. ಏರುತ್ತಿರುವ ಬೆಂಕಿಯ ಎದುರಿಗೆ ಎಂದೂ ನಿಲ್ಲಬಾರದು. ಏಪ್ರಿಲ್‌ನಲ್ಲಿ ಗುಡುಗುಮೋಡ ಕಂಡರೆ ಇನ್ನೂ ಹುಷಾರು. ಮಳೆಗೆ ಮುಂಚೆ ಬರುವ ಬಿರುಗಾಳಿ ದಿಕ್ಕು ತಿರುಗಿಸಿದರೆ, ನೀವು ಬಡಿಯುತ್ತಿದ್ದ ಪಕ್ಕವೇ ಬೆಂಕಿಯ ಮುಖವಾಗುತ್ತದೆ.

ಇನ್ನು ಹಚ್ಚುವವರ ವಿಷಯ. "ಸುಟ್ರ ಹೊಸಾ ಚಿಗುರು ಬರ್ತೈತ್ರಿ ಸರ್" ಅನ್ನುತ್ತಾರೆ ಕುರಿ ಕಾಯುವವರು. ಸುಳ್ಳೇನಲ್ಲ, ಬರುತ್ತದೆ. ಆದರೆ ವರ್ಷವರ್ಷ ಸುಟ್ಟ ಇಳಿಜಾರಿನ ಮೇಲ್ಮಣ್ಣು ಮೊದಲ ಜೋರುಮಳೆಗೇ ಹಳ್ಳ ಸೇರುತ್ತದೆ. ಅವರಿಗೆ ಬರೀ ಕೇಸಿನ ಹೆದರಿಕೆ ಹಾಕುವುದರಲ್ಲಿ ನನಗೆ ನಂಬಿಕೆ ಕಮ್ಮಿ. ದರೋಜಿ ಕರಡಿಧಾಮದಂಥ ಜಾಗದ ಮಾತು ಬೇರೆ, ಅಲ್ಲಿ ಮೇಯಿಸುವ ಮಾತೇ ಇಲ್ಲ. ಹೊರಗಿನ ಗುಡ್ಡಗಳಲ್ಲಿ ಬೆಂಕಿರೇಖೆ, ಅಂದ್ರೆ ಬೆಂಕಿ ದಾಟದಂತೆ ಮೊದಲೇ ಹುಲ್ಲು ಸುಟ್ಟು ಬರಿದು ಮಾಡುವ ಪಟ್ಟಿ, ಎಳೆಯುವ ಜಾಗವನ್ನು ಡಿಸೆಂಬರ್‌ನಲ್ಲೇ ಅರಣ್ಯ ಇಲಾಖೆಯವರು ಕುರಿಯವರಿಗೆ ಮೇಯಿಸಲು ಬಿಡಬಹುದಲ್ವಾ? ಹುಲ್ಲು ಹೊಟ್ಟೆ ಸೇರುತ್ತದೆ, ಉಳಿದ ಕೂಳೆ ಸುಡಲು ಆಳೂ ಕಮ್ಮಿ ಸಾಕು.