ಪ್ರೇಮಗೀತೆಯಲ್ಲಿ ಚಿಗಟಕ್ಕೇನು ಕೆಲಸ?

ಪದವಿ ತರಗತಿಗಳಿಗೆ ಇಂಗ್ಲಿಷ್ ಸಾಹಿತ್ಯ ಪಾಠ ಮಾಡುವ ನಮ್ಮಂಥವರು ಪ್ರತಿ ಪರೀಕ್ಷೆಯಲ್ಲೂ ಓದುವ ಒಂದು ವಾಕ್ಯವಿದೆ: ‘ಜಾನ್ ಡನ್ ಪ್ರೇಮಿಗಳನ್ನು ಕೈವಾರಕ್ಕೆ ಹೋಲಿಸಿದ್ದಾನೆ.’ ತಪ್ಪೇನೂ ಇಲ್ಲ. ಅಂಕ ಕೊಡಲೇಬೇಕು, ಕೊಡುತ್ತೇವೆ. ಆದರೆ ಉತ್ತರ ಅಲ್ಲಿಗೇ ನಿಂತುಬಿಡುತ್ತದೆ. ಯಾಕೆ ಹೋಲಿಸಿದ, ಯಾರ ಮುಂದೆ ಹೋಲಿಸಿದ, ಹೋಲಿಸಿ ಏನು ಗಿಟ್ಟಿಸಿಕೊಂಡ ಅನ್ನುವ ಮಾತೇ ಬರುವುದಿಲ್ಲ.

ಇದರಲ್ಲಿ ಮಕ್ಕಳ ತಪ್ಪು ಕಡಿಮೆ. ಹೈಸ್ಕೂಲಿನ ಕನ್ನಡ ಪಾಠದಲ್ಲಿ ಅಲಂಕಾರ ಕಲಿತು ಬಂದಿರುತ್ತಾರೆ. ‘ಸೀತೆಯ ಮುಖ ಕಮಲದಂತೆ ಅರಳಿತು.’ ಉಪಮೇಯ ಸೀತೆಯ ಮುಖ, ಉಪಮಾನ ಕಮಲ, ಉಪಮಾವಾಚಕ ‘ಅಂತೆ’, ಸಮಾನಧರ್ಮ ಅರಳುವುದು. ನಾಲ್ಕನ್ನೂ ಬಿಡಿಸಿ ಬರೆದು ಸಮನ್ವಯ ಮಾಡಿದರೆ ಆಯಿತು. ಇದೇ ಲೆಕ್ಕ ಹಿಡಿದು ಡನ್‌ನ ಹತ್ತಿರ ಹೋದರೆ ಸಮಾನಧರ್ಮದಲ್ಲೇ ಸಿಕ್ಕಿಬೀಳುತ್ತೇವೆ. ಮುಖಕ್ಕೂ ಕಮಲಕ್ಕೂ ನಂಟಿದೆ ಅಂತ ಕವಿ ಹೇಳುವ ಮೊದಲೇ ನಮಗೆ ಗೊತ್ತು. ಗಂಡ ಹೆಂಡತಿಗೂ ಕೈವಾರಕ್ಕೂ ಏನು ನಂಟು? ಕವಿತೆ ಶುರುವಾಗುವ ಮುಂಚೆ ಏನೂ ಇಲ್ಲ. ಅದನ್ನು ಅವನು ಒಂದೊಂದೇ ಸಾಲಾಗಿ ನಮ್ಮ ಕಣ್ಣೆದುರು ಕಟ್ಟಬೇಕು. ಹೀಗೆ ದೂರದ ಎರಡು ವಸ್ತುಗಳನ್ನು ಎಳೆದು ತಂದು, ಹಿಡಿದ ಹೋಲಿಕೆಯನ್ನು ಬಿಡದೆ ಕೊನೆಯವರೆಗೂ ಬೆಳೆಸುವುದಕ್ಕೆ ಇಂಗ್ಲಿಷಿನವರು ಕನ್ಸೀಟ್ ಅನ್ನುತ್ತಾರೆ. ಮೆಟಫಿಸಿಕಲ್ ಅಂತ ಕರೆಸಿಕೊಂಡ, ಡನ್ ಮತ್ತು ಅವನಂಥ 17ನೇ ಶತಮಾನದ ಇಂಗ್ಲಿಷ್ ಕವಿಗಳಿಗೆ ಹೆಸರು ಬಂದದ್ದೂ ಕೆಟ್ಟ ಹೆಸರು ಬಂದದ್ದೂ ಇದರಿಂದಲೇ.

ತರಗತಿಯಲ್ಲಿ ನಾನು ಹೇಳುವುದು ಇಷ್ಟೇ. ಯಾವುದು ಯಾವುದರಂತಿದೆ ಅಂತ ಆಮೇಲೆ ನೋಡೋಣ. ಮೊದಲು, ಈ ಮನುಷ್ಯ ಯಾರನ್ನು ಒಪ್ಪಿಸಲು ಹೊರಟಿದ್ದಾನೆ ಅಂತ ಕೇಳಿ. ಈ ಕವಿಗಳು ರೂಪಕ ಹಿಡಿದು ವಾದಕ್ಕೆ ಕೂರುತ್ತಾರೆ. ಎದುರಿಗೆ ಒಬ್ಬರಿದ್ದಾರೆ, ಅವರು ಒಪ್ಪುತ್ತಿಲ್ಲ. ರೂಪಕ ಇಷ್ಟು ದೂರ ಹೋಗುವುದು ಅದಕ್ಕೇ.

ಆ ಕಾಲದ ಪ್ರೇಮಗೀತೆಗಳಿಗೆ ಸಿದ್ಧ ಸರಕು ಬೇಕಾದಷ್ಟಿತ್ತು. 14ನೇ ಶತಮಾನದ ಇಟಲಿಯ ಪೆಟ್ರಾರ್ಕ್‌ನ ದಾರಿಯಲ್ಲಿ ಬಂದವರೆಲ್ಲ ಅದನ್ನೇ ಬಳಸಿದರು. ನಲ್ಲೆಯ ಕಣ್ಣು ಸೂರ್ಯ, ತುಟಿ ಹವಳ. ನಲ್ಲನ ನಿಟ್ಟುಸಿರು ಬಿರುಗಾಳಿ, ಕಣ್ಣೀರು ಪ್ರವಾಹ. ಡನ್ ‘ದಿ ಕ್ಯಾನೊನೈಸೇಷನ್’ ಕವಿತೆಯಲ್ಲಿ ಈ ಸರಕನ್ನು ಬೀದಿಗೆ ತಂದು ಪರೀಕ್ಷೆ ಮಾಡುತ್ತಾನೆ. ಪ್ರೀತಿ ಗೀತಿ ಬಿಟ್ಟು ಬದುಕು ನೋಡಿಕೋ ಅಂತ ಬುದ್ಧಿ ಹೇಳಲು ಬಂದ ಗೆಳೆಯನಿಗೆ ಅವನು ಕೇಳುತ್ತಾನೆ: ನನ್ನ ನಿಟ್ಟುಸಿರಿಗೆ ಯಾವ ವ್ಯಾಪಾರಿಯ ಹಡಗು ಮುಳುಗಿತು? ನನ್ನ ಕಣ್ಣೀರು ಯಾರ ಹೊಲಕ್ಕೆ ನುಗ್ಗಿತು? ನನ್ನ ಮೈಯ ಬಿಸಿಯಿಂದ ಪ್ಲೇಗಿನ ಪಟ್ಟಿಗೆ ಒಂದು ಹೆಸರಾದರೂ ಹೆಚ್ಚಾಯಿತೇ? ಆಗಿನ ಲಂಡನ್‌ನಲ್ಲಿ ಪ್ಲೇಗಿಗೆ ಸತ್ತವರ ಲೆಕ್ಕದ ಪಟ್ಟಿ ಅಚ್ಚಾಗುತ್ತಿತ್ತು. ಕೇಳುವವರಿಗೆ ಅದು ದಿನನಿತ್ಯದ ಮಾತು. ಹಳೆಯ ಹೋಲಿಕೆಗಳನ್ನು ಅಕ್ಷರಶಃ ನಂಬಿದವನ ಹಾಗೆ ನಟಿಸಿ ಅವುಗಳ ಗಾಳಿ ತೆಗೆಯುತ್ತಾನೆ ಡನ್.

ಈಗ ಚಿಗಟದ ವಿಷಯ.

ಪ್ರೇಮಗೀತೆಗೆ ಚಿಗಟವನ್ನು ತಂದವರಲ್ಲಿ ಡನ್ ಮೊದಲನೆಯವನೇನೂ ಅಲ್ಲ. 1582ರಲ್ಲಿ ಫ್ರಾನ್ಸಿನಲ್ಲಿ ಇಡೀ ಒಂದು ಸಂಕಲನವೇ ಬಂದಿತ್ತು. ಕ್ಯಾಥರೀನ್ ದೆ ರೋಷ್ ಎಂಬ ವಿದುಷಿಯ ಎದೆಯ ಮೇಲೆ ಕೂತ ಒಂದು ಚಿಗಟದ ಬಗ್ಗೆ ವಕೀಲರು, ವಿದ್ವಾಂಸರು ಸೇರಿ ಬರೆದ ಕವಿತೆಗಳು! ಈ ಬಗೆಯ ಪದ್ಯಗಳ ಧಾಟಿ ಸಾಮಾನ್ಯವಾಗಿ ಒಂದೇ: ಅಯ್ಯೋ, ನಾನು ಆ ಚಿಗಟವಾಗಿದ್ದರೆ ಅವಳ ಮೈಮೇಲೆ ಎಲ್ಲೆಲ್ಲಿ ಓಡಾಡಬಹುದಿತ್ತು! ಡನ್ ಆ ಹಾದಿ ಬಿಟ್ಟ. ಅವನ ಚಿಗಟ ಇಬ್ಬರನ್ನೂ ಕಚ್ಚುತ್ತದೆ. ಮೊದಲು ಅವನನ್ನು, ಆಮೇಲೆ ಅವಳನ್ನು. ಅಲ್ಲಿಂದ ಕವಿತೆಯ ದಿಕ್ಕೇ ಬೇರೆ.

‘ದಿ ಫ್ಲೀ’ ಒಂಬತ್ತೊಂಬತ್ತು ಸಾಲಿನ ಮೂರು ಪದ್ಯ. ಮೊದಲನೆಯದರಲ್ಲಿ ಅವನು ಚಿಗಟ ತೋರಿಸಿ ಹೇಳುತ್ತಾನೆ: ನೋಡು, ಇದರ ಹೊಟ್ಟೆಯಲ್ಲಿ ನಮ್ಮಿಬ್ಬರ ರಕ್ತ ಬೆರೆತಿದೆ. ಇದನ್ನು ಯಾರಾದರೂ ಪಾಪ ಅನ್ನುತ್ತಾರಾ? ಮಾನ ಹೋಯಿತು ಅನ್ನುತ್ತಾರಾ? ಇದು ಸುಮ್ನೆ ತಮಾಷೆಯಂತೆ ಕಾಣುತ್ತದೆ. ಆದರೆ ವೀರ್ಯ ರಕ್ತದಿಂದಲೇ ಆಗುತ್ತದೆ, ಗಂಡು ಹೆಣ್ಣು ಕೂಡಿದಾಗ ರಕ್ತವೇ ಬೆರೆಯುತ್ತದೆ ಅನ್ನುವುದು ಅಂದಿನ ವೈದ್ಯದ ತಿಳುವಳಿಕೆ. ಹಾಗಾಗಿ ‘ನೀನು ಬೇಡ ಅನ್ನುತ್ತಿರುವುದು ಈಗಾಗಲೇ ಆಗಿಹೋಗಿದೆಯಲ್ಲ’ ಅನ್ನುವ ವಾದಕ್ಕೆ ಒಂದು ಆಧಾರವಿದೆ. ಅವನು ಕೇಳುತ್ತಿರುವುದು ಏನು ಅಂತ ಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹಿಂದಿನ ಬೆಂಚಿಗೆ ಎಲ್ಲರಿಗಿಂತ ಮೊದಲು ಗೊತ್ತಾಗಿರುತ್ತದೆ.

ಎರಡನೇ ಪದ್ಯ ‘ತಡಿ’ ಅಂತ ಶುರುವಾಗುತ್ತದೆ. ಯಾಕೆ? ಎರಡು ಪದ್ಯಗಳ ನಡುವಿನ ಖಾಲಿ ಜಾಗದಲ್ಲಿ ಅವಳು ಚಿಗಟ ಹೊಸಕಲು ಕೈ ಎತ್ತಿದ್ದಾಳೆ. ಅವನು ತಡಬಡಾಯಿಸಿ ಚಿಗಟಕ್ಕೆ ಪದವಿಯ ಮೇಲೆ ಪದವಿ ಕೊಡುತ್ತಾನೆ. ಇದರಲ್ಲಿ ಮೂರು ಜೀವ ಇದೆ. ಇದೇ ನಮ್ಮ ಮದುವೆಯ ಹಾಸಿಗೆ, ಇದೇ ಮದುವೆಯಾದ ದೇವಾಲಯ. ನಿಮ್ಮ ಮನೆಯವರು ಒಪ್ಪದಿದ್ದರೇನು, ಈ ಕಪ್ಪು ಗೋಡೆಗಳ ಒಳಗೆ ನಾವು ಸೇರಿಯಾಗಿದೆ. ಕೊಂದರೆ ನನ್ನ ಕೊಲೆ, ನಿನ್ನ ಆತ್ಮಹತ್ಯೆ, ದೇವಾಲಯ ಕೆಡವಿದ ಪಾಪ, ಮೂರೂ ಬರುತ್ತವೆ.

ಅವಳು ಕೊಂದೇಬಿಡುತ್ತಾಳೆ. ಇದೂ ಖಾಲಿ ಜಾಗದಲ್ಲೇ. ಮೂರನೇ ಪದ್ಯಕ್ಕೆ ಬಂದರೆ ಅವಳ ಉಗುರು ಕೆಂಪಾಗಿದೆ. ‘ನೋಡು, ನಿನಗೂ ಏನೂ ಆಗಲಿಲ್ಲ, ನನಗೂ ಏನೂ ಆಗಲಿಲ್ಲ’ ಅಂತ ಅವಳು ಗೆದ್ದ ದನಿಯಲ್ಲಿ ಹೇಳಿದ್ದಾಳೆ. ಅವಳ ಮಾತು ನಮಗೆ ಸಿಗುವುದು ಅವನ ಬಾಯಿಂದಲೇ. ವಾದ ಕುಸಿದುಬಿತ್ತು ಅಂದುಕೊಳ್ಳುವಷ್ಟರಲ್ಲಿ ಅವನು ಅದೇ ಮಾತನ್ನು ತಿರುಗಿಸಿ ಹಿಡಿಯುತ್ತಾನೆ. ಹೌದಲ್ವಾ? ಏನೂ ಆಗಲಿಲ್ಲ ತಾನೇ? ನನಗೆ ಒಲಿದರೆ ನಿನ್ನ ಮಾನಕ್ಕೆ ಆಗುವ ನಷ್ಟವೂ ಅಷ್ಟೇ!

ಡನ್ 1592ರಲ್ಲಿ ಲಂಡನ್ನಿನ ಲಿಂಕನ್ಸ್ ಇನ್‌ಗೆ ಕಾನೂನು ಓದಲು ಸೇರಿದವನು. ಎದುರಾಳಿಯ ಸಾಕ್ಷ್ಯವನ್ನೇ ತನ್ನದು ಮಾಡಿಕೊಳ್ಳುವ ಈ ಕಸುಬು ಎಲ್ಲಿಯದು ಅಂತ ಊಹಿಸುವುದು ಕಷ್ಟವಲ್ಲ. ಆದರೆ ವಾದ ಪೊಳ್ಳು. ಎರಡನೇ ಪದ್ಯದಲ್ಲಿ ದೇವಾಲಯವಾಗಿದ್ದ ಚಿಗಟ ಮೂರನೆಯದರಲ್ಲಿ ಲೆಕ್ಕಕ್ಕೇ ಇಲ್ಲದ ಹುಳ. ಎರಡೂ ಬೇಕು ಅವನಿಗೆ. ಈ ಮೋಸ ಕಣ್ಣಿಗೆ ಬಿದ್ದಾಗಲೇ ಕವಿತೆಯ ಮಜಾ ಜಾಸ್ತಿ. ‘ಕೊನೆಗೆ ಅವಳು ಒಪ್ಪಿದಳಾ ಮೇಡಂ?’ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಕವಿತೆ ಹೇಳುವುದಿಲ್ಲ. ಎರಡು ಸಲ ಮಾತಿಲ್ಲದೆ ಕೈಯಿಂದಲೇ ಉತ್ತರ ಕೊಟ್ಟವಳು ಮೂರನೇ ಸಲ ಸುಲಭಕ್ಕೆ ಸೋಲುತ್ತಾಳೆ ಅಂತ ನನಗನ್ನಿಸುವುದಿಲ್ಲ.

ಇನ್ನೊಂದು ಮಾತು. ಈ ಕವಿತೆಗಳು ಪುಸ್ತಕವಾದದ್ದು 1633ರಲ್ಲಿ, ಡನ್ ತೀರಿಕೊಂಡ ಎರಡು ವರ್ಷಕ್ಕೆ. ಅಲ್ಲಿಯವರೆಗೆ ಕೈಬರಹದ ಪ್ರತಿಗಳಾಗಿ ಸ್ನೇಹಿತರ ನಡುವೆ ಓಡಾಡುತ್ತಿದ್ದವು. ಅಂದರೆ ಕವಿತೆಯೊಳಗೆ ಕೇಳಿಸಿಕೊಳ್ಳುವವಳು ಒಬ್ಬಳು, ಹೊರಗೆ ಓದಿ ಚಪ್ಪಾಳೆ ತಟ್ಟುವವರು ಕವಿಯ ಗೆಳೆಯರು. ಜಾಣತನದ ಪ್ರದರ್ಶನ ಒಂದು ಕೈ ಹೆಚ್ಚೇ ಆಗಿದ್ದರೆ ಆಶ್ಚರ್ಯವಿಲ್ಲ.

ಕೈವಾರದ ಕವಿತೆಯ ಹವಾಮಾನವೇ ಬೇರೆ. ‘ಎ ವ್ಯಾಲೆಡಿಕ್ಷನ್: ಫರ್‌ಬಿಡಿಂಗ್ ಮೋರ್ನಿಂಗ್’. ದೂರ ಹೊರಟವನು ಅಳಬೇಡ ಅಂತ ಹೇಳುವ ಪದ್ಯ. ಡನ್ 1601ರಲ್ಲಿ ಆ್ಯನ್ ಮೋರ್‌ಳನ್ನು ಗುಟ್ಟಾಗಿ ಮದುವೆಯಾಗಿ, ಅವಳ ತಂದೆಯ ಸಿಟ್ಟಿಗೆ ಸಿಕ್ಕಿ, ಜೈಲು ಕಂಡು, ಒಳ್ಳೆಯ ಕೆಲಸ ಕಳೆದುಕೊಂಡವನು. 1611ರಲ್ಲಿ ಫ್ರಾನ್ಸಿಗೆ ಹೊರಟಾಗ ಅವಳಿಗೇ ಇದನ್ನು ಕೊಟ್ಟ ಅಂತ ಅವನ ಜೀವನಚರಿತ್ರೆ ಬರೆದ ಐಸಾಕ್ ವಾಲ್ಟನ್ ಹೇಳುತ್ತಾನೆ. ವಾಲ್ಟನ್‌ಗೆ ಕಥೆ ಚಂದ ಮಾಡುವ ಚಟವಿತ್ತು, ಆದ್ದರಿಂದ ಅದನ್ನು ಗಟ್ಟಿ ಸಾಕ್ಷಿಯಾಗಿ ಹಿಡಿಯಬೇಕಿಲ್ಲ. ಬೀಳ್ಕೊಡುವ ಹೆಣ್ಣೊಬ್ಬಳು ಎದುರಿಗಿದ್ದಾಳೆ, ಅವಳಿಗೆ ಸಮಾಧಾನವಾಗುತ್ತಿಲ್ಲ. ಇಷ್ಟು ಸಾಕು.

ಸಮಾಧಾನವಾಗುತ್ತಿಲ್ಲ ಅನ್ನುವುದಕ್ಕೆ ಕವಿತೆಯ ನಡಿಗೆಯೇ ಪುರಾವೆ. ನಾಲ್ಕು ನಾಲ್ಕು ಸಾಲಿನ ಒಂಬತ್ತು ಪದ್ಯಗಳಲ್ಲಿ ಅವನು ಹೋಲಿಕೆ ಬದಲಿಸುತ್ತಲೇ ಇರುತ್ತಾನೆ. ಮೊದಲು ಪುಣ್ಯವಂತರ ಸದ್ದಿಲ್ಲದ ಸಾವು. ಆಮೇಲೆ ಭೂಕಂಪ ಮತ್ತು, ಭೂಮಿಯ ಸುತ್ತ ತಿರುಗುತ್ತವೆ ಅಂತ ಆಗ ನಂಬಿದ್ದ ಆಕಾಶಗೋಲಗಳ ಕಂಪನ: ನೆಲ ನಡುಗಿದರೆ ಜನ ಹೆದರುತ್ತಾರೆ, ಅದಕ್ಕಿಂತ ಎಷ್ಟೋ ದೊಡ್ಡದಾದ ಗೋಲಗಳ ಅಲುಗಾಟ ಯಾರಿಗೂ ತಿಳಿಯುವುದೇ ಇಲ್ಲ. ಆಮೇಲೆ ಚಿನ್ನ. ಎಷ್ಟು ಬಡಿದರೂ ತುಂಡಾಗದೆ ಗಾಳಿಯಷ್ಟು ತೆಳ್ಳಗೆ ಹರಡುವ ಚಿನ್ನದ ಹಾಳೆಯಂತೆ ನಮ್ಮಿಬ್ಬರ ಒಂದೇ ಆತ್ಮ ಅಗಲವಾಗುತ್ತದೆ, ಹರಿಯುವುದಿಲ್ಲ. ನನ್ನ ಮಟ್ಟಿಗೆ ಇಡೀ ಕವಿತೆಯ ಅತಿ ಸುಂದರ ಸಾಲು ಇದು. ಕವಿತೆ ಇಲ್ಲಿಗೇ ನಿಲ್ಲಬಹುದಿತ್ತು. ಆದರೆ ‘ನಮ್ಮದು ಒಂದೇ ಆತ್ಮ’ ಅಂದರೆ ಅವಳು ನಂಬಬೇಕಲ್ಲ? ‘ಸರಿ, ಎರಡು ಅಂತಲೇ ಇಟ್ಟುಕೋ’ ಅಂತ ಅವನು ಒಂದು ಮೆಟ್ಟಿಲು ಇಳಿಯುತ್ತಾನೆ. ಕೈವಾರ ಬರುವುದು ಹಾಗೆ ಇಳಿದ ಮೇಲೆ.

ಇದನ್ನು ಪಾಠ ಮಾಡುವಾಗ ನಾನು ಗಣಿತದವರ ಬೋರ್ಡಿನ ಕೈವಾರ ತರಿಸುತ್ತೇನೆ. ಒಂದು ಕಾಲು ಬೋರ್ಡಿಗೆ ಊರಿ, ಇನ್ನೊಂದನ್ನು ಮೆಲ್ಲಗೆ ದೂರ ಸರಿಸಿ. ಊರಿದ ಕಾಲು ಜಾಗ ಬಿಡುವುದಿಲ್ಲ, ಆದರೆ ನೆಟ್ಟಗೂ ನಿಲ್ಲುವುದಿಲ್ಲ. ಹೋದ ಕಾಲಿನ ಕಡೆಗೆ ಬಾಗುತ್ತದೆ. ದೂರ ಹೆಚ್ಚಿದಷ್ಟೂ ಬಾಗು ಹೆಚ್ಚು. ಡನ್ ಇಲ್ಲೊಂದು ಅದ್ಭುತ ಕ್ರಿಯಾಪದ ಸೇರಿಸುತ್ತಾನೆ: ಆ ಕಾಲು ಬಾಗಿ ‘ಕಿವಿಗೊಡುತ್ತದೆ’. ಅಲ್ಲಿಯವರೆಗೆ ಲೋಹವಾಗಿದ್ದದ್ದು ಬಾಗಿಲಲ್ಲಿ ನಿಂತು ಹೆಜ್ಜೆ ಸದ್ದಿಗೆ ಕಾಯುವ ಮನುಷ್ಯಳಾಗುತ್ತದೆ. ಈಗ ಹೋದ ಕಾಲನ್ನು ಹತ್ತಿರ ತನ್ನಿ. ಬಾಗಿದ್ದು ನೆಟ್ಟಗಾಗುತ್ತದೆ. ಮನೆಗೆ ಬಂದ ಅಂತ ಎದ್ದು ನಿಂತ ಹಾಗೆ.

ಇಷ್ಟರವರೆಗೆ ಎಲ್ಲ ಸರಿ. ಆಮೇಲೆ ಕೊನೆಯ ಪದ್ಯದಲ್ಲಿ ಅವನು ವೃತ್ತ ಎಳೆಯುತ್ತಾನೆ: ನಿನ್ನ ಸ್ಥಿರತೆ ನನ್ನ ವೃತ್ತವನ್ನು ಸರಿಯಾಗಿಸುತ್ತದೆ, ನಾನು ಶುರುಮಾಡಿದಲ್ಲೇ ಮುಗಿಸುತ್ತೇನೆ. ಬೋರ್ಡಿನ ಮೇಲೆ ಎಳೆದು ನೋಡಿ. ವೃತ್ತ ಮುಗಿದಾಗ ಓಡಾಡಿದ ಕಾಲು ಪರಿಧಿಯ ಮೇಲೆಯೇ ಇರುತ್ತದೆ. ಕೇಂದ್ರಕ್ಕೆ, ಅಂದರೆ ಅವಳ ಹತ್ತಿರಕ್ಕೆ, ಬಂದಿರುವುದಿಲ್ಲ! ಮಡಚಿ ಹತ್ತಿರ ಬರುವುದು ಒಂದು ಚಲನೆ, ಸುತ್ತಿ ಬರುವುದು ಇನ್ನೊಂದು. ಡನ್ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿ ದಾಟಿಬಿಡುತ್ತಾನೆ. ಇದು ಎಡವಟ್ಟು ಅನ್ನುವವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಎರಡು ಭರವಸೆ ಕೊಡಬೇಕಿತ್ತು ಅವನಿಗೆ: ಮರಳಿ ಬರುತ್ತೇನೆ, ದಾರಿ ತಪ್ಪುವುದಿಲ್ಲ. ಒಂದಕ್ಕೆ ಮಡಚುವಿಕೆ, ಇನ್ನೊಂದಕ್ಕೆ ವೃತ್ತ. ಇದರ ಜೊತೆಗೆ, ನಡುವೆ ಚುಕ್ಕೆ ಇರುವ ವೃತ್ತ ರಸವಾದಿಗಳು ಚಿನ್ನಕ್ಕೆ ಬಳಸುತ್ತಿದ್ದ ಗುರುತು. ಕೈವಾರ ಎಳೆದು ಎತ್ತಿದ ಮೇಲೆ ಹಾಳೆಯಲ್ಲಿ ಉಳಿಯುವುದೂ ಅದೇ. ಮೇಲೆ ಬಂದ ಚಿನ್ನ ಹೀಗೆ ಸದ್ದಿಲ್ಲದೆ ಮತ್ತೆ ಬಂತು.

ಇದೆಲ್ಲ ಪ್ರೀತಿಯಾ, ಬರೀ ಬುದ್ಧಿಯ ಕಸರತ್ತಾ ಅನ್ನುವ ಜಗಳ ಹಳೆಯದು. ಹೃದಯ ಗೆಲ್ಲಬೇಕಾದ ಕಡೆ ಡನ್ ಹೆಂಗಸರ ತಲೆ ಕೆಡಿಸುತ್ತಾನೆ ಅಂತ ಕವಿ ಡ್ರೈಡನ್ 1693ರಲ್ಲೇ ದೂರಿದ. ಈ ಕವಿಗಳು ಸೇರದ ವಿಚಾರಗಳನ್ನು ಬಲವಂತವಾಗಿ ಒಂದೇ ನೊಗಕ್ಕೆ ಕಟ್ಟುತ್ತಾರೆ ಅಂತ ವಿಮರ್ಶಕ ಸ್ಯಾಮ್ಯುಯೆಲ್ ಜಾನ್ಸನ್ 1779ರಲ್ಲಿ ಬೈದ. ಕೈವಾರದ ಸಾಲುಗಳಲ್ಲಿ ಜಾಣತನ ಹೆಚ್ಚೋ ಅಸಂಬದ್ಧತೆ ಹೆಚ್ಚೋ ಹೇಳುವುದು ಕಷ್ಟ ಅಂದ. 1921ರಲ್ಲಿ ಕವಿ, ವಿಮರ್ಶಕ ಟಿ. ಎಸ್. ಎಲಿಯಟ್ ತಿರುಗಿ ನಿಂತು, ಡನ್‌ಗೆ ವಿಚಾರವೂ ಒಂದು ಅನುಭವವೇ ಅಂದ ಮೇಲೆ ಗಾಳಿ ಬದಲಾಯಿತು. ಈಗ ಎಲ್ಲರೂ ಎಲಿಯಟ್ ಮಾತನ್ನೇ ಬರೆಯುತ್ತಾರೆ. ಜಾನ್ಸನ್‌ನ ಬೈಗುಳದಲ್ಲೂ ಹುರುಳಿದೆ ಅಂತ ಉತ್ತರ ಬರೆದವರಿಗೆ ನಾನು ಒಂದು ಅಂಕ ಜಾಸ್ತಿಯೇ ಕೊಡುತ್ತೇನೆ.

ಯಾಕೆಂದರೆ ಕನ್ಸೀಟ್ ಸೋಲುವುದೂ ಉಂಟು. ಇದೇ ಗುಂಪಿನ ಕವಿ ರಿಚರ್ಡ್ ಕ್ರಾಶಾ ಯೇಸುವಿನ ಶಿಷ್ಯೆ ಮೇರಿ ಮ್ಯಾಗ್ಡಲೀನ್ ಬಗ್ಗೆ ಬರೆದ ಭಕ್ತಿಪದ್ಯದಲ್ಲಿ ಅವಳ ಅಳುವ ಕಣ್ಣುಗಳು ‘ನಡೆದಾಡುವ ಎರಡು ಸ್ನಾನದ ಕೊಳಗಳು’, ‘ಹೊತ್ತೊಯ್ಯಬಹುದಾದ ಸಾಗರಗಳು’. ತರಗತಿಯಲ್ಲಿ ನಗು ತಡೆಯುವುದು ಕಷ್ಟ. ಅದೇ ಕಣ್ಣೀರನ್ನು ಡನ್ ಇನ್ನೊಂದು ಬೀಳ್ಕೊಡುಗೆಯ ಕವಿತೆಯಲ್ಲಿ ಹೇಗೆ ನಡೆಸುತ್ತಾನೆ ನೋಡಿ. ನಲ್ಲೆಯ ಮುಖ ಬಿಂಬಿಸುವ ಅವನ ಕಣ್ಣೀರ ಹನಿ ಮುದ್ರೆಯೊತ್ತಿದ ನಾಣ್ಯವಾಗುತ್ತದೆ. ಮುಂದೆ, ಕುಶಲಕರ್ಮಿಯೊಬ್ಬ ಖಾಲಿ ಗೋಲಕ್ಕೆ ಭೂಪಟ ಅಂಟಿಸಿ ಏನೂ ಇಲ್ಲದ್ದನ್ನು ಜಗತ್ತು ಮಾಡುವಂತೆ, ಹನಿ ಭೂಗೋಳವಾಗುತ್ತದೆ. ಆಮೇಲೆ ಅವಳ ಕಣ್ಣೀರೂ ಸೇರಿ ಆ ಜಗತ್ತನ್ನೇ ಮುಳುಗಿಸುತ್ತದೆ. ಕೊನೆಗೆ ‘ಅತ್ತು ಅತ್ತು ಸಮುದ್ರಕ್ಕೆ ಮುಳುಗಿಸುವುದನ್ನು ಕಲಿಸಬೇಡ, ನಾನು ಆ ಸಮುದ್ರದಲ್ಲೇ ಹೋಗಬೇಕಾದವನು’ ಅನ್ನುವ ಕೋರಿಕೆ ಬರುತ್ತದೆ. ಹೋಲಿಕೆ ಎಲ್ಲಿಗೋ ತಲುಪಿತು. ಕ್ರಾಶಾನ ಕೊಳ ನಡೆದಾಡುತ್ತದೆ ಅಷ್ಟೇ, ಎಲ್ಲಿಗೂ ಹೋಗುವುದಿಲ್ಲ.

ಇದೇ ಗುಂಪಿನ ಇನ್ನೊಬ್ಬ ಕವಿ ಆ್ಯಂಡ್ರೂ ಮಾರ್ವೆಲ್‌ನ ‘ಟು ಹಿಸ್ ಕಾಯ್ ಮಿಸ್ಟ್ರೆಸ್’ ಎಲ್ಲರಿಗೂ ಗೊತ್ತು. ನೀನು ಗಂಗಾ ತೀರದಲ್ಲಿ ಮಾಣಿಕ್ಯ ಹುಡುಕುತ್ತಿರು, ನಾನು ಇಲ್ಲಿ ಇಂಗ್ಲೆಂಡಿನ ಹಂಬರ್ ನದಿಯ ಹತ್ತಿರ ಗೊಣಗುತ್ತಿರುತ್ತೇನೆ, ನಿನ್ನ ಕಣ್ಣು ಹೊಗಳಲು 100 ವರ್ಷ ಇಡುತ್ತೇನೆ, ಆದರೆ ಟೈಮ್ ಎಲ್ಲಿದೆ? ಅದು ಪಠ್ಯದಲ್ಲಿ ಇದ್ದೇ ಇರುತ್ತದೆ. ಅವನದೇ ‘ದಿ ಡೆಫಿನಿಷನ್ ಆಫ್ ಲವ್’ ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ. ನನ್ನ ಕೇಳಿದರೆ ಡನ್ ಆದ ಮೇಲೆ ಓದಬೇಕಾದದ್ದು ಇದನ್ನೇ. ಇಲ್ಲಿ ಒಪ್ಪಿಸಬೇಕಾದವಳು ಎದುರಿಗಿಲ್ಲ. ಇಬ್ಬರೂ ಒಪ್ಪಿಯಾಗಿದೆ, ವಿಧಿ ಒಪ್ಪುತ್ತಿಲ್ಲ. ಪ್ರೇಮಿಗಳು ಎರಡು ಧ್ರುವಗಳು. ಅವರು ಸೇರಬೇಕಾದರೆ ಇಡೀ ಭೂಗೋಳವನ್ನು ಚಪ್ಪಟೆ ನಕ್ಷೆಯಾಗಿ ಹಿಚುಕಬೇಕು. ಓರೆ ಗೆರೆಗಳಂಥ ಪ್ರೀತಿಗಳು ಎಲ್ಲೋ ಒಂದು ಕೋನದಲ್ಲಿ ಸಂಧಿಸಬಹುದು. ನಮ್ಮವು ಎಷ್ಟು ಸರಿಯಾದ ಸಮಾನಾಂತರ ರೇಖೆಗಳೆಂದರೆ, ಕೊನೆಯಿಲ್ಲದೆ ಸಾಗಿದರೂ ಸೇರುವುದಿಲ್ಲ. ಕೊನೆಯ ಸಾಲುಗಳಲ್ಲಿ ಜ್ಯೋತಿಷ ಬರುತ್ತದೆ: ಮನಸ್ಸುಗಳದ್ದು ಯುತಿ, ನಕ್ಷತ್ರಗಳದ್ದು ಎದುರು ಬದುರು. ಇಂಗ್ಲಿಷ್ ಪಠ್ಯಗಳು ಇದಕ್ಕೆ ಅಡಿಟಿಪ್ಪಣಿ ಕೊಡುತ್ತವೆ. ಜಾತಕ ಕೂಡಿಬರಲಿಲ್ಲ ಅಂತ ಮದುವೆ ಮಾತು ನಿಂತದ್ದನ್ನು ಮನೆಯಲ್ಲೇ ಕಂಡಿರುವ ನಮ್ಮ ಮಕ್ಕಳಿಗೆ ಅದು ಬೇಕಾಗುವುದೇ ಇಲ್ಲ.