ಮಳೆನೇ ಕಾಣದ ಸೀಮೆಗೆ ಪ್ರವಾಹ ಎಲ್ಲಿಂದ ಬರುತ್ತೆ?

ಓದುಗರ ಪ್ರಶ್ನೆ: ಆಸ್ಟ್ರೇಲಿಯಾದ ಚಾನೆಲ್ ಕಂಟ್ರಿಲಿ ಮಳೆನೇ ಕಮ್ಮಿ ಅಂತಾರೆ, ಆದ್ರೆ ಅಲ್ಲೇ ಪ್ರವಾಹ ಬಂತು ಅಂತ ನ್ಯೂಸಲ್ಲಿ ನೋಡ್ತೀವಿ. ಆ ನೀರು ಎಲ್ಲಿಂದ ಬರುತ್ತೆ, ಎಲ್ಲಿಗೆ ಹೋಗುತ್ತೆ?

ಬರೋದು ಹೆಚ್ಚಾಗಿ ಉತ್ತರದಿಂದ. ಚಾನೆಲ್ ಕಂಟ್ರಿಲೇ ಬರೋ, ಕ್ವೀನ್ಸ್‌ಲ್ಯಾಂಡ್ ರಾಜ್ಯದ ನೈರುತ್ಯ ಮೂಲೆಲಿರೋ ಬರ್ಡ್ಸ್‌ವಿಲ್ ಊರಿನ ಕಡೆ ವರ್ಷಕ್ಕೆ ಸರಾಸರಿ 200 ಮಿಲಿಮೀಟರ್ ಮಳೆನೂ ಆಗಲ್ಲ, ಆದ್ರೆ ನೂರಾರು ಕಿಲೋಮೀಟರ್ ಮೇಲ್ಗಡೆ ಡಿಸೆಂಬರ್‌ನಿಂದ ಮಾರ್ಚ್ ಒಳಗೆ ಜೋರು ಮಳೆ ಹೊಡೆದ್ರೆ ಆ ನೀರೆಲ್ಲ ಜಾರ್ಜೀನಾ, ಡಯಮಂಟೀನಾ ಮತ್ತೆ ಕೂಪರ್ ಕ್ರೀಕ್ ಅನ್ನೋ ನದಿಗಳನ್ನ ಹಿಡ್ಕೊಂಡು ಕೆಳಗಿಳಿಯುತ್ತೆ.

ನೆಲ ಎಷ್ಟು ಚಪ್ಪಟೆ ಅಂದ್ರೆ ನೀರಿಗೆ ಓಡೋಕೆ ಇಳಿಜಾರೇ ಸಿಗಲ್ಲ, ಹಾಗಾಗಿ ಜಡೆ ಬಿಚ್ಚಿದ ಕೂದಲಿನ ಥರ ಲೆಕ್ಕವಿಲ್ಲದಷ್ಟು ಕವಲಾಗಿ ಹರಡ್ಕೊಂಡು, ದೊಡ್ಡ ಪ್ರವಾಹ ಆದ್ರೆ ಹತ್ತಾರು ಕಿಲೋಮೀಟರ್ ಅಗಲಕ್ಕೆ ನಿಂತು, ವಾರಗಟ್ಟಲೆ ತೆವಳ್ತಾ ಬರುತ್ತೆ, ಅಷ್ಟೊತ್ತಿಗೆ ಅಲ್ಲಿ ಆಕಾಶದಲ್ಲಿ ಒಂದು ಮೋಡನೂ ಇರಲ್ಲ. ನನಗೆ ಇಡೀ ವಿಷ್ಯದಲ್ಲಿ ತುಂಬಾ ಇಷ್ಟ ಆಗೋದು ಈ ನಿಧಾನನೇ. ಬಿರುಕು ಬಿಟ್ಟ ಜೇಡಿಮಣ್ಣು ಆ ನೀರನ್ನ ಹೊಟ್ಟೆ ತುಂಬ ಕುಡಿಯುತ್ತೆ, ನೀರು ಇಳಿದ ಮೇಲೆ ಹುಲ್ಲು ಎದ್ದು ನಿಲ್ಲುತ್ತೆ, ಅದನ್ನ ಮೇಯಿಸಿ ದನ ಕೊಬ್ಬಿಸೋದೇ ಅಲ್ಲಿನ ಸ್ಟೇಷನ್‌ಗಳ, ಅಂದ್ರೆ ದನ ಸಾಕೋ ದೊಡ್ಡ ದೊಡ್ಡ ಫಾರ್ಮ್‌ಗಳ ಕಸುಬು. ಹರಿವು ನಿಂತ ಮೇಲೂ ಆಳದ ಮಡುಗಳಲ್ಲಿ ನೀರು ಉಳಿಯುತ್ತೆ, ಇನ್ನಮಿಂಕಾ ಊರಿನ ಹತ್ರದ ಕಲ್ಯಾಮುರ್ರಾ ಮಡು 20 ಮೀಟರ್‌ಗಿಂತ ಆಳ, ಬರಗಾಲದಲ್ಲಿ ಮೀನು, ಹಕ್ಕಿಗಳಿಗೆಲ್ಲ ಇಂಥ ಮಡುಗಳೇ ಗತಿ.

ಇನ್ನು ಎಲ್ಲಿಗೆ ಹೋಗುತ್ತೆ ಅಂದ್ರೆ, ಸಮುದ್ರಕ್ಕಂತೂ ಅಲ್ಲ. ಸಮುದ್ರ ಮಟ್ಟಕ್ಕಿಂತ ಸುಮಾರು 15 ಮೀಟರ್ ಕೆಳಗಿರೋ ಕಾಟಿ ತಾಂಡಾ, ಅಂದ್ರೆ ಏರ್ ಸರೋವರದ ಕಡೆಗೆ. ಹೆಚ್ಚಿನ ವರ್ಷ ಅಲ್ಲಿ ತನಕನೂ ಮುಟ್ಟಲ್ಲ, ದಾರಿಲೇ ಇಂಗಿ ಆವಿಯಾಗಿ ಮುಗಿದೋಗುತ್ತೆ.

ಅತಿಯಾದ್ರೆ ಇದೇ ನೀರು ನಾಶನೂ ಮಾಡುತ್ತೆ. 2025ರ ಮಾರ್ಚ್‌ನಲ್ಲಿ ಶುರುವಾದ ಪ್ರವಾಹದಲ್ಲಿ ಪಶ್ಚಿಮ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಲಕ್ಷಕ್ಕೂ ಹೆಚ್ಚು ದನ ಕುರಿಗಳು ಸತ್ವು ಇಲ್ಲ ಕಾಣೆಯಾದ್ವು, ಬೇಲಿಗಳೆಲ್ಲ ಕಿತ್ಕೊಂಡು ಹೋದ್ವು. ಹಾಗಂತ ನೀರನ್ನ ಮೇಲ್ಗಡೆನೇ ತಡೀರಿ ಅಂತ ಕೇಳೋರಲ್ಲ ಅಲ್ಲಿನ ದನ ಸಾಕೋರು. 1995ರಲ್ಲಿ ವಿಂಡೋರಾ ಊರಿನ ಹತ್ರ ಕೂಪರ್ ಕ್ರೀಕ್ ನೀರೆತ್ತಿ ಹತ್ತಿ ಬೆಳೆಯೋ ಪ್ಲಾನ್ ಬಂದಾಗ ಅವರೇ ವಿಜ್ಞಾನಿಗಳ ಜೊತೆ ನಿಂತು ವಿರೋಧ ಮಾಡಿದ್ರು, ಯಾಕಂದ್ರೆ ಮೇಲೆ ನೀರು ಕಮ್ಮಿ ಆದಷ್ಟೂ ಕೆಳಗಿನ ಬಯಲಿಗೆ ಹರಡೋ ನೀರು ಕಮ್ಮಿ, ಹುಲ್ಲೂ ಕಮ್ಮಿ.